ನನ್ನ ಬಳೆ ಅಳತೆ ಎರಡು-ಎರಡು: ಚಿಕ್ಕ ಕೈಗೆ ನಾಲ್ಕು ಪಿಸ್ತೂಲು

ವಿರಾಜಪೇಟೆಯ ಬಳೆ ಅಂಗಡಿಯಾಕೆ ನನ್ನ ಕೈ ಹಿಡಿದ ಕೂಡಲೇ "ಇದು ಮಗು ಕೈ" ಅಂತ ಒಳಗೆ ಹೋಗಿ ಬೇರೆ ಪೆಟ್ಟಿಗೆ ತರುತ್ತಿದ್ದಳು. ಎರಡು-ಎರಡು ಅಳತೆ. ಅವಳು ಮಣಿಕಟ್ಟು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣಿನ ಹತ್ತಿರ ಹಿಂಡಿ ನೋಡುತ್ತಿದ್ದಳು. ಬಳೆ ಸಿಕ್ಕಿಕೊಳ್ಳುವುದು ಅಲ್ಲೇ ಅಲ್ವಾ?

ಪಿಸ್ತೂಲು ಆರಿಸುವಾಗ ಈ ಬುದ್ಧಿ ನನಗೆ ಮೊದಲೇ ಬರಬೇಕಿತ್ತು. ಬರಲಿಲ್ಲ. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಅಂದುಕೊಂಡು ಹೊರಟೆ.

ನಾನಿರುವುದು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ. ಕೊಡಗಿನ ನಮ್ಮೂರಲ್ಲಿ ಕೋವಿ ಹೊಸದೇನಲ್ಲ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡಿ, ಅಕ್ಕಿಯ ಕಡಂಬುಟ್ಟು ತಿಂದು, ಮಧ್ಯಾಹ್ನ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವಳು ನಾನು. ಆದರೆ ಗುಂಡು ಹಾರಿದಾಗ ಕೋವಿಯ ಒದೆ ಭುಜಕ್ಕೆ ಬೀಳುತ್ತದೆ. ಪಿಸ್ತೂಲಿನ ಒದೆ ಪೂರ್ತಿ ಕೈಗೇ. ಆ ಲೆಕ್ಕದಲ್ಲಿ ನಾನು ಹೊಸಬಳೇ.

ಇಲ್ಲಿಯ ನಮ್ಮವರಿಗೆ ಒಂದು ಮಾತು. ಎಚ್-1ಬಿ ಕೆಲಸದ ವೀಸಾ, ಅವರ ಮನೆಯವರ ಎಚ್-4 ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಿರಲಿ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ಹಿಡಿಯುವುದಕ್ಕೂ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿಯಂಥ ಕೆಲವು ದಾರಿಗಳಿವೆ, ಅಷ್ಟೇ. ಗೆಳೆಯರು ಕರೆದರು ಅಂತ ಸುಮ್ನೆ ಹೋಗಿ ನಿಲ್ಲಬೇಡಿ. ನಾನು ಹೋದದ್ದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ. ನನಗೆ ಬೇಕಿದ್ದದ್ದು ರೇಂಜಿನಲ್ಲಿ ಅಭ್ಯಾಸಕ್ಕೆ, ಮನೆಯ ಸೇಫಿನಲ್ಲಿ ಇಡುವುದಕ್ಕೆ. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಆಸೆ ಇರಲಿಲ್ಲ. ಕೊನೆಗೆ ಯಾವುದು ಗೆದ್ದಿತು ಅನ್ನುವುದರಲ್ಲಿ ಇದಕ್ಕೂ ಪಾಲಿದೆ.

ಮೊದಲ ದಿನ ಒಂದು ಅಂಗಡಿಯ ಕೌಂಟರಿನಲ್ಲಿದ್ದವರು ನನ್ನ ಕೈ ನೋಡಿದ್ದೇ ತಡ, ಪುಟ್ಟ ರಿವಾಲ್ವರ್ ಒಂದನ್ನು ಮುಂದಿಟ್ಟರು. ಐದು ಗುಂಡಿನದು, ಹಿಡಿಗೆ ಗುಲಾಬಿ ಬಣ್ಣ. "ಹೆಂಗಸರಿಗೆ ಇದೇ ಸರಿ" ಅಂದರು. ಹಿಡಿದರೆ ಹೂವಿನ ಹಾಗೆ ಹಗುರ. ಹೊಡೆದಾಗಲೇ ಗೊತ್ತಾದದ್ದು. ಪಿಸ್ತೂಲು ಹಗುರ ಆದಷ್ಟೂ ಒದೆ ಜಾಸ್ತಿ, ಅದನ್ನು ತಡೆಯಲು ಅಲ್ಲಿ ತೂಕವೇ ಇಲ್ಲ. ಮೇಲಾಗಿ ಡಬಲ್ ಆ್ಯಕ್ಷನ್ ಟ್ರಿಗರ್, ಅಂದರೆ ಒಂದೇ ಎಳೆತಕ್ಕೆ ಸುತ್ತಿಗೆಯನ್ನು ಎತ್ತಿ ಹೊಡೆಯುವಂಥದ್ದು, ಉದ್ದಕ್ಕೂ ಬಿಗಿ. ಎರಡು ಬೆರಳು ಸೇರಿಸಿ ಎಳೆಯೋಣ ಅನ್ನಿಸುವಷ್ಟು. ಹತ್ತನೇ ಗುಂಡಿಗೆ ಅಂಗೈ ಕೆಂಪಗಾಯಿತು, ಹದಿನೈದಕ್ಕೆ ಸಾಕು ಅಂದೆ. ಆ ಅಂಗಡಿಗೆ ಮತ್ತೆ ಹೋಗಲಿಲ್ಲ.

ಇನ್ನೊಂದು ರೇಂಜಿನಲ್ಲಿ ಸಿಕ್ಕಿದ ಟ್ರೇನರ್ ಆಕೆ ಗುಂಡೇ ಕೊಡಲಿಲ್ಲ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಎಳೆದು, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿಸಿದರು. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವಿನ ಕವಲನ್ನು ಹಿಡಿಯ ಹಿಂಬದಿಗೆ ಎತ್ತರದಲ್ಲಿ ಒತ್ತಿಸಿದರು. ನಳಿಗೆ ಮುಂಗೈಗೆ ನೇರವಾಗಿರಬೇಕು. "ಈಗ ಕೈ ತಿರುಗಿಸದೆ ಟ್ರಿಗರ್ ಮುಟ್ಟಿ." ಉಗುರಿಗೂ ಮೊದಲ ಗೆರೆಗೂ ನಡುವಿನ ಮೆತ್ತನೆ ಜಾಗ ಟ್ರಿಗರ್ ಮೇಲೆ ಕೂತರೆ ಪಾಸು. ಬರೀ ತುದಿ ತಾಗಿದರೆ ಫೇಲು. ಪಿಸ್ತೂಲು ಉದ್ದವೋ ಗಿಡ್ಡವೋ ಅನ್ನುವುದು ಈ ಪರೀಕ್ಷೆಗೆ ಬೇಡವೇ ಬೇಡ. ಹಿಡಿಯ ಬೆನ್ನಿನಿಂದ ಟ್ರಿಗರ್‌ವರೆಗೆ ಎಷ್ಟು ದೂರ, ಅದೊಂದೇ ಪ್ರಶ್ನೆ. ಬಳೆಯಾಕೆ ಗೆಣ್ಣು ಹಿಂಡಿದ್ದು ನೆನಪಾಯಿತು.

ಅಲ್ಲಿಂದ ಮೂರು ಶನಿವಾರ ನಾಲ್ಕು ಪಿಸ್ತೂಲು ಬಾಡಿಗೆಗೆ ತಗೊಂಡೆ. ಎಲ್ಲ 9 ಎಂಎಂ. ಒಂದೊಂದಕ್ಕೂ 50 ಗುಂಡು, ಗುರಿ 7 ಗಜ ದೂರ.

ಗ್ಲಾಕ್ 19ರಿಂದ ಶುರು, ಯಾಕಂದ್ರೆ ನನ್ನ ಗಂಡನ ಹತ್ತಿರ ಇರುವುದು ಅದೇ. 15 ಗುಂಡು, ನಾಲ್ಕು ಇಂಚಿನ ನಳಿಗೆ. ಅಮೆರಿಕದಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು. ನನ್ನ ಬೆರಳು ಟ್ರಿಗರ್‌ಗೆ ಮುಟ್ಟಿತು, ಆದರೆ ತುದಿ ಮಾತ್ರ. ಸರಿಯಾಗಿ ಮುಟ್ಟಬೇಕಾದರೆ ಹಿಡಿಯನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿಕೊಳ್ಳಬೇಕು. ಹಾಗೆ ತಿರುಗಿಸಿದರೆ ಒದೆ ಕವಲಿಗೆ ಬೀಳುವ ಬದಲು ಹೆಬ್ಬೆರಳಿನ ಬುಡದ ಗೆಣ್ಣಿಗೆ ಬೀಳುತ್ತದೆ. ನನ್ನ ಗುಂಡುಗಳೆಲ್ಲ ಎಡಕ್ಕೆ ಹೋಗಿ ಗುಂಪು ಕೂತವು. ಬೆರಳ ತುದಿಯಿಂದ ಎಳೆಯುವ ಬಲಗೈಯವರಿಗೆ ಹೀಗಾಗುವುದು ಸಹಜವಂತೆ. ಹಿಡಿಯ ಬೆನ್ನಿಗೆ ಹಾಕಲು ತುಂಡುಗಳು ಜೊತೆಗೇ ಬರುತ್ತವೆ. ಅವೆಲ್ಲ ಹಿಡಿಯನ್ನು ದೊಡ್ಡದು ಮಾಡಲಿಕ್ಕೆ! ಅವನ್ನು ಹಾಕದೆ ಬಿಟ್ಟರೆ ಎಷ್ಟಿದೆಯೋ ಅಷ್ಟೇ ಚಿಕ್ಕದು, ಅದಕ್ಕಿಂತ ಇಳಿಯುವುದಿಲ್ಲ. ಒಳ್ಳೆಯ ಪಿಸ್ತೂಲು, ಅನುಮಾನವಿಲ್ಲ. ನನ್ನ ಕೈಗಲ್ಲ.

ಎರಡನೆಯದು ಸಿಗ್ ಪಿ365 ಎಕ್ಸ್‌ಎಲ್. 2018ರಲ್ಲಿ ಬಂದ ಪಿ365ರ ಸ್ವಲ್ಪ ಉದ್ದದ ತಂಗಿ, 2019ರದು. ಹಿಡಿ ತೆಳ್ಳಗಿದ್ದರೂ 12 ಗುಂಡು ಹಿಡಿಯುತ್ತದೆ. ಕೈಗೆ ತಗೊಂಡಾಗ "ಆಹಾ" ಅಂದೆ. ಬೆರಳು ಟ್ರಿಗರ್ ಮೇಲೆ ಸಲೀಸಾಗಿ ಕೂತಿತು. ಗುಂಪು ಮಧ್ಯಕ್ಕೆ ಬಂತು. ಆದರೆ 30 ಗುಂಡು ದಾಟಿದ ಮೇಲೆ ಅದರ ಸ್ವಭಾವ ಗೊತ್ತಾಯಿತು. ಒದೆ ಚುರುಕು. ನೋವೇನಿಲ್ಲ, ಆದರೆ ಪ್ರತಿ ಸಲ ಕೈಯಲ್ಲಿ ಜಿಗಿಯುತ್ತದೆ, ಪ್ರತಿ ಸಲ ಹಿಡಿತ ಮತ್ತೆ ಸರಿಮಾಡಬೇಕು. ಸ್ಲೈಡ್ ಕೂಡ ಬಿಗಿ. ಇದರ ಒಂದು ಗುಣ ನನಗೆ ತುಂಬಾ ಹಿಡಿಸಿತು. ಸೀರಿಯಲ್ ನಂಬರ್ ಇರುವುದು ಒಳಗಿನ ಲೋಹದ ಭಾಗದಲ್ಲಿ. ಹಾಗಾಗಿ ಪ್ಲಾಸ್ಟಿಕ್ ಹಿಡಿಯನ್ನು ಚಪ್ಪಲಿ ಬದಲಾಯಿಸಿದ ಹಾಗೆ ಬದಲಾಯಿಸಬಹುದು.

ಈ ವಿಷಯದಲ್ಲಿ ಸೇನೆಯೂ ಪಾಠ ಕಲಿತಿದೆ. 1985ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಬೆರೆಟ್ಟಾ ಎಂ9ರ ಹಿಡಿ ದಪ್ಪ, ಟ್ರಿಗರ್ ದೂರ. ಚಿಕ್ಕ ಕೈಯ ಸೈನಿಕರಿಗೆ ಅದು ಒಗ್ಗಲಿಲ್ಲ. 2017ರಲ್ಲಿ ಅದರ ಜಾಗಕ್ಕೆ ಆರಿಸಿದ ಸಿಗ್ ಎಂ17ರಲ್ಲಿ ಹಿಡಿಯನ್ನೇ ಕೈಗೆ ತಕ್ಕಂತೆ ಬದಲಾಯಿಸಬಹುದು. ನನ್ನ ಕೈಯದು ನನ್ನೊಬ್ಬಳ ಗೋಳಲ್ಲ ಅಂತ ಸಮಾಧಾನ.

ಮೂರನೆಯದು ಸ್ಮಿತ್ ಅಂಡ್ ವೆಸನ್ ಶೀಲ್ಡ್ ಈಝೀ, 2020ರದು. ಹೆಸರಿನ ಹಾಗೇ ಸುಲಭ. ಉಳಿದವುಗಳ ಸ್ಲೈಡ್ ಎಳೆಯಲು ನಾನು ಹಲ್ಲು ಕಚ್ಚುತ್ತಿದ್ದೆ. ಇದನ್ನು ಎರಡು ಬೆರಳಲ್ಲಿ ಎಳೆದೆ, ನಿಜಕ್ಕೂ. ಒಳಗೆ ಹ್ಯಾಮರ್ (ಹೊಡೆಯುವ ಪುಟ್ಟ ಸುತ್ತಿಗೆ) ಇರುವುದರಿಂದ ಸ್ಪ್ರಿಂಗ್ ಹಗುರ. ಮ್ಯಾಗಜಿನ್ ಪಕ್ಕದಲ್ಲಿ ಪುಟ್ಟ ಗುಬ್ಬಿ ಇದೆ, ಅದನ್ನು ಕೆಳಗೆ ಒತ್ತಿ ಹಿಡಿದರೆ ಗುಂಡು ಒಂದರ ಮೇಲೊಂದು ತಾನೇ ಕೂರುತ್ತದೆ. ಉಗುರು ಮುರಿಯುವುದಿಲ್ಲ. ಆದರೆ ಎಂಟೇ ಗುಂಡು, ತುಂಬಿ ತುಂಬಿ ಬೇಜಾರು. ಹಿಡಿಯ ಬೆನ್ನಲ್ಲಿ ಗ್ರಿಪ್ ಸೇಫ್ಟಿ ಇದೆ, ಅಂಗೈ ಅದನ್ನು ಒತ್ತಿದರೆ ಮಾತ್ರ ಗುಂಡು ಹಾರುತ್ತದೆ. ನಾನು ಹೆಬ್ಬೆರಳನ್ನು ಮೇಲೆತ್ತಿ ಹಿಡಿಯುವವಳು, ಅಂಗೈಯಲ್ಲಿ ಮಾಂಸವೂ ಕಡಿಮೆ. ಎರಡು ಸಲ ಹಿಡಿತ ಸಡಿಲಾಗಿ ಟ್ರಿಗರ್ ಎಳೆದರೂ ಸದ್ದೇ ಇಲ್ಲ. ತಪ್ಪು ನನ್ನದೇ. ಆದರೂ ಮನಸ್ಸಲ್ಲಿ ಒಂದು ಅಳುಕು ಉಳಿಯಿತು.

ಸ್ಲೈಡ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಎಡಗೈ ಬೆರಳ ತುದಿಯಿಂದ ಚಿವುಟಿ ಹಿಂದೆ ಎಳೆಯುತ್ತಿದ್ದೆ. ಟ್ರೇನರ್ ಬೇರೆ ರೀತಿ ಕಲಿಸಿದರು. ಎಡ ಅಂಗೈ ಪೂರ್ತಿ ಸ್ಲೈಡ್ ಮೇಲೆ ಕವುಚಿ, ಪಿಸ್ತೂಲನ್ನು ಎದೆ ಹತ್ತಿರ ತಂದು, ಮೂತಿ ಗುರಿಯ ಕಡೆಗೇ ಇಟ್ಟು, ಬಲಗೈಯಿಂದ ಹಿಡಿಯನ್ನು ಮುಂದೆ ತಳ್ಳುವುದು. ನಮ್ಮನೆಯಲ್ಲಿ ನೂಪುಟ್ಟು (ಒತ್ತುಶ್ಯಾವಿಗೆ) ಒತ್ತುವಾಗ ಬೆರಳಿನಿಂದ ಒತ್ತುತ್ತೇವಾ? ಮೈಭಾರ ಹಾಕುತ್ತೇವೆ. ಇದೂ ಹಾಗೇ. ಅದಾದ ಮೇಲೆ ಪಿ365 ಸ್ಲೈಡಿನ ಮೇಲಿನ ನನ್ನ ದೂರು ಅರ್ಧಕ್ಕೆ ಇಳಿಯಿತು.

ಕೊನೆಗೆ ವಾಲ್ಥರ್ ಪಿಡಿಪಿ ಎಫ್ ಸೀರೀಸ್, 2022ರಲ್ಲಿ ಬಂದದ್ದು. ಎಫ್ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಗುಲಾಬಿ ರಿವಾಲ್ವರ್ ನೆನಪಾಗಿ ಮೊದಲು ಮೂಗು ಮುರಿದೆ. ನೋಡಿದರೆ ಕಪ್ಪು, ದಪ್ಪ ಸ್ಲೈಡ್, ಎಲ್ಲೂ ಬಣ್ಣದ ಹಂಗಿಲ್ಲ. ನಾಲ್ಕರಲ್ಲಿ ದೊಡ್ಡದಾಗಿ ಕಾಣುವುದೇ ಇದು, ಆದರೆ ನನ್ನ ಕೈಗೆ ಕೂತದ್ದೂ ಇದೇ. ಹಿಡಿಯ ಸುತ್ತಳತೆ ಇಳಿಸಿದ್ದಾರೆ, ಟ್ರಿಗರ್ ಹತ್ತಿರ ತಂದಿದ್ದಾರೆ, ಸ್ಲೈಡಿನ ಸ್ಪ್ರಿಂಗ್ ಹಗುರ ಮಾಡಿದ್ದಾರೆ. 15 ಗುಂಡು ಹಾಗೇ ಉಳಿದಿದೆ. ಬೆರಳಿನ ಮೆತ್ತನೆ ಜಾಗ ಟ್ರಿಗರ್ ಮೇಲೆ, ಕವಲು ಹಿಡಿಯ ನಡು ಬೆನ್ನಿಗೆ, ಕಿರುಬೆರಳಿಗೂ ಜಾಗ. ಒದೆ ನೇರ ಹಿಂದಕ್ಕೆ ಬಂತು. ತೂಕ ಇರುವುದರಿಂದ ಅದೂ ತಳ್ಳಿದ ಹಾಗೆ, ಹೊಡೆದ ಹಾಗಲ್ಲ. ಐವತ್ತೂ ಗುಂಡು ಮುಗಿದಾಗ ಇನ್ನೊಂದು ಡಬ್ಬಿ ತಗೊಳ್ಳೋಣ ಅನ್ನಿಸಿತು. ಉಳಿದ ಮೂರರಲ್ಲಿ ಹಾಗೆ ಅನ್ನಿಸಿರಲಿಲ್ಲ.

ಕುಂದು ಇದಕ್ಕೂ ಇದೆ. ಸ್ಲೈಡ್ ಎತ್ತರ, ದಪ್ಪ. ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವವರಿಗೆ ಪಿ365 ಎಕ್ಸ್‌ಎಲ್ ಇದಕ್ಕಿಂತ ಎಷ್ಟೋ ವಾಸಿ, ನನಗೂ ಆ ಆಸೆ ಇದ್ದಿದ್ದರೆ ಅದನ್ನೇ ತರುತ್ತಿದ್ದೆ. ಬೆಲೆಯಲ್ಲಿ ಈಝೀ ಕೈಗೆಟುಕುತ್ತದೆ, ಇದು ಸ್ವಲ್ಪ ಚುಚ್ಚುತ್ತದೆ. ಮ್ಯಾಗಜಿನ್ ತುಂಬುವಾಗ ಹನ್ನೊಂದನೇ ಗುಂಡಿನ ನಂತರ ನನ್ನ ಹೆಬ್ಬೆರಳು ಕೈ ಎತ್ತುತ್ತದೆ. ಅದಕ್ಕೆ ಅಪ್‌ಲುಲಾ ಅನ್ನುವ ಪ್ಲಾಸ್ಟಿಕ್ ಲೋಡರ್ ತಗೊಂಡೆ. ಯಾವ ಪಿಸ್ತೂಲು ಕೊಂಡರೂ ಜೊತೆಗೆ ಅದನ್ನು ಕೊಳ್ಳಿ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ಪಿಡಿಪಿ ಎಫ್ ಮನೆಗೆ ಬಂತು. ಅಂಗಡಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ಲಾಕ್ ಆಗುವ ಡಬ್ಬಿಯಲ್ಲಿ.

ನನ್ನ ಜೊತೆ ಬರುತ್ತಿದ್ದ ಮಂಡ್ಯದ ಗೆಳತಿಯ ಕೈಯೂ ನನ್ನಷ್ಟೇ. ಆದರೆ ಅವಳಿಗೆ ಬೆರಳ ಸಂದು ನೋವು. ಅವಳು ಈಝೀ ತಗೊಂಡಳು, ಗ್ರಿಪ್ ಸೇಫ್ಟಿ ಅವಳಿಗೆ ಒಂದು ಸಲವೂ ಕೈಕೊಟ್ಟಿಲ್ಲ. ನನ್ನ ಗಂಡ ಈಗ ರೇಂಜಿಗೆ ಹೋದಾಗ "ನಿನ್ನದು ಸ್ವಲ್ಪ ಕೊಡು" ಅಂತಾನೆ. ಅವನ ದೊಡ್ಡ ಕೈಯಲ್ಲೂ ಅದು ಚೆನ್ನಾಗಿಯೇ ಹೊಡೆಯುತ್ತದೆ. ಅವನ ಗ್ಲಾಕ್ ಮಾತ್ರ ನನ್ನ ಕೈಯಲ್ಲಿ ಇನ್ನೂ ಎಡಕ್ಕೇ.