ರಿಮೋಟ್ ಸತ್ತಾಗ ಕಾರ್ ಬಾಗಿಲು ತೆಗೆಯೋದು: ಕಬ್ಬಿಣದ ಕೀನಾ, ಹೊಸ ಸೆಲ್ಲಾ, ಫೋನಾ, ಮೆಕ್ಯಾನಿಕ್ಕಾ?

ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಎರಡೂ ಕೈಲಿ ಚೀಲ ಹಿಡ್ಕೊಂಡು ನಿಂತಿದೀನಿ, ಬಟನ್ ಒತ್ತಿದ್ರೆ ಕಾರು ಕ್ಯಾರೇ ಅಂತಿಲ್ಲ. ಹತ್ರ ಹೋಗಿ ಒತ್ತಿದೆ, ಇನ್ನೊಂದು ಬಾಗಿಲ ಹತ್ರ ಹೋಗಿ ಒತ್ತಿದೆ, ಏನೂ ಇಲ್ಲ. ಅವತ್ತು ಒಳಗೆ ಹೋಗೋಕೆ ಮುಕ್ಕಾಲು ಗಂಟೆ ಆಯ್ತು, ಅದರಲ್ಲಿ ಅರ್ಧ ಗಂಟೆ ಸುಮ್ನೆ ಪೇಚಾಟ. ಆ ಸಿಟ್ಟಿಗೆ ಒಂದು ರಜೆ ದಿನ ಕಾರನ್ನ ಮನೆ ಮುಂದೆ ನಿಲ್ಲಿಸಿ, ರಿಮೋಟಿಂದ ಬೇಕಂತ್ಲೇ ಸೆಲ್ ತೆಗೆದಿಟ್ಟು, ಒಂದೊಂದೇ ದಾರಿ ಗಡಿಯಾರ ನೋಡ್ಕೊಂಡು ಟ್ರೈ ಮಾಡಿದೆ.

ಅದಕ್ಕೂ ಮೊದ್ಲು ಒಂದು ಮಾತು, ಸತ್ತಿರೋದು ರಿಮೋಟಾ ಅಥವಾ ಕಾರಿನ ಬ್ಯಾಟರಿನೇನಾ ಅಂತ ನೋಡ್ಕೊಳ್ಳಿ. ಒತ್ತಿದಾಗ ರಿಮೋಟಲ್ಲಿರೋ ಚಿಕ್ಕ ಲೈಟ್ ಚೆನ್ನಾಗಿ ಹತ್ತುತ್ತೆ, ಸ್ಪೇರ್ ರಿಮೋಟಿಗೂ ಕಾರು ಮಾತಾಡಲ್ಲ ಅಂದ್ರೆ ಕಾರಿನ 12 ವೋಲ್ಟ್ ಬ್ಯಾಟರಿ ಮೇಲೇ ಅನುಮಾನ ಪಡ್ಬೇಕು, ಆಗ ಸೆಲ್ ಎಷ್ಟು ಬದಲಾಯಿಸಿದ್ರೂ ಪ್ರಯೋಜನ ಇಲ್ಲ. ಲೈಟೇ ಹತ್ತಲ್ಲ, ಇಲ್ಲ ಮಂಕಾಗಿದೆ, ಇಲ್ಲ ವಾರದಿಂದ ತೀರಾ ಹತ್ರ ಹೋದ್ರೆ ಮಾತ್ರ ತೆಗೀತಿತ್ತು ಅಂದ್ರೆ ಹೆಚ್ಚಾಗಿ ಸೆಲ್ಲೇ. ನನ್ ರಿಮೋಟು ಹತ್ತು ದಿನ ಮುಂಚೆಯಿಂದ ಹೀಗೇ ಕುಂಟ್ತಾ ಇತ್ತು, ನಾನು ಬಟನ್ ಹಳೇದಾಗಿದೆ ಅಂದ್ಕೊಂಡು ಇನ್ನೂ ಜೋರಾಗಿ ಒತ್ತಿದ್ದೇ ಒತ್ತಿದ್ದು.

ಮೊದ್ಲು ರಿಮೋಟ್ ಒಳಗೇ ಅಡಗಿರೋ ಕಬ್ಬಿಣದ ಕೀ. ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತೆ, ಅದನ್ನ ಸರಿಸಿದ್ರೆ ಕೀ ಈಚೆ ಬರುತ್ತೆ, ಇದು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ದೇ ಇರೋದು ಅದನ್ನ ಎಲ್ಲಿ ಹಾಕೋದು ಅಂತ! ನನ್ ಕಾರಲ್ಲಿ ಕೀ ತೂತೇ ಕಾಣಲ್ಲ. ಡ್ರೈವರ್ ಬಾಗಿಲ ಹ್ಯಾಂಡಲ್ ತುದಿಯಲ್ಲಿ ಕಾರಿನ ಬಣ್ಣದ್ದೇ ಒಂದು ಪ್ಲಾಸ್ಟಿಕ್ ಮುಚ್ಚಳ, ಅದರ ಅಡಿಯಲ್ಲಿ ಸಣ್ಣ ಸಂದು, ಅಲ್ಲಿ ಕೀ ತುದಿ ತೂರ್ಸಿ ಮೆಲ್ಲಗೆ ಎತ್ತಿದ್ರೆ ಮುಚ್ಚಳ ಕಳಚ್ಕೊಳ್ಳುತ್ತೆ. ಬೇಸ್‌ಮೆಂಟಿನ ಕತ್ಲಲ್ಲಿ ಇದನ್ನ ಹುಡುಕೋಕೇ ನನಗೆ ಅಷ್ಟು ಹೊತ್ತು ಹಿಡೀತು, ಬಣ್ಣ ಬೇರೆ ಗೀರ್ಕೊಂಡೆ. ಮನೆ ಮುಂದೆ ಮಾಡಿದಾಗ ಒಂದು ನಿಮಿಷನೂ ಆಗ್ಲಿಲ್ಲ. ಬೀಗ ಮೊದ್ಲು ಸ್ವಲ್ಪ ಬಿಗಿ ಇತ್ತು, ವರ್ಷಗಟ್ಲೆ ಯಾರೂ ಕೀ ಹಾಕಿಲ್ವಲ್ಲ, ಜೋರು ಮಾಡಿದ್ರೆ ಕೀ ಬಾಗಿ ಹೋಗೋ ಹಾಗಿತ್ತು, ಅದಕ್ಕೆ ಆ ಕಡೆ ಈ ಕಡೆ ಮೆಲ್ಲಗೆ ಆಡಿಸ್ತಾ ಆಡಿಸ್ತಾ ತಿರುಗಿಸಿದೆ.

ಬಾಗಿಲು ತೆಗೆದ ತಕ್ಷಣ ಅಲಾರಂ ಬಾಯಿ ಬಡ್ಕೊಳ್ಳೋಕೆ ಶುರು. ಬೇಸ್‌ಮೆಂಟಲ್ಲಿ ಎಲ್ರೂ ನನ್ನ ಕಳ್ಳನ ಥರ ನೋಡಿದ್ರು. ರಿಮೋಟ್ ಸಿಗ್ನಲ್ ಇಲ್ದೇ ಬಾಗಿಲು ತೆಗೆದ್ರೆ ಕೆಲವು ಕಾರು ಕಳ್ಳತನ ಅಂತ್ಲೇ ತಿಳ್ಕೊಳ್ಳುತ್ತೆ, ಹೆದರ್ಬೇಡಿ, ನೇರ ಒಳಗೆ ಕೂತು ಗಾಡಿ ಸ್ಟಾರ್ಟ್ ಮಾಡಿದ್ರೆ ನಿಲ್ಲುತ್ತೆ. ಸೆಲ್ಲೇ ಇಲ್ದೇ ಸ್ಟಾರ್ಟ್ ಹೆಂಗೆ ಅಂತೀರಾ, ರಿಮೋಟ್ ಒಳಗೆ ಬೇರೆ ಒಂದು ಚಿಪ್ ಇದೆ, ಅದಕ್ಕೆ ಸೆಲ್ ಬೇಡ. ಕಾರಿನ ಒಳಗಿರೋ ಕಾಯಿಲ್‌ಗೆ, ಅಂದ್ರೆ ತಂತಿ ಸುರುಳಿಗೆ, ತೀರಾ ಹತ್ರ ಬಂದ್ರೆ ಅದರಿಂದ್ಲೇ ಕರೆಂಟ್ ಇಸ್ಕೊಂಡು ತನ್ನ ಗುರುತು ಹೇಳುತ್ತೆ. ನನ್ ಕಾರಲ್ಲಿ ಬ್ರೇಕ್ ಒತ್ಕೊಂಡು ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡೀಬೇಕು. ಕೆಲವು ಕಾರಲ್ಲಿ ಅದಕ್ಕೆ ಅಂತ್ಲೇ ಸ್ಟೀರಿಂಗ್ ಹತ್ರನೋ ಗೇರ್ ಪಕ್ಕದ ಡಬ್ಬಿಯೊಳಗೋ ಜಾಗ ಇರುತ್ತೆ, ಮ್ಯಾನುಯಲ್ ನೋಡಿ. ಕಾರಿನ ಬ್ಯಾಟರಿನೇ ಸತ್ತಿದ್ರೆ ಬಾಗಿಲಂತೂ ತೆಗೆಯುತ್ತೆ, ಸ್ಟಾರ್ಟ್ ಆಗಲ್ಲ ಅಷ್ಟೇ.

ಹೊಸ ಸೆಲ್ ಹಾಕೋದು ಇದಕ್ಕಿಂತ ಸಲೀಸು ಅನ್ನೋರಿದ್ದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ನನ್ ರಿಮೋಟಿಗೆ ಸಿಆರ್ 2032, ಹೆಸರಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನೋಡೋಕೆ ಅದೇ ಥರ ಇರೋ 2025 ತೆಳ್ಳಗೆ, ಹಾಕಿದ್ರೆ ಲೂಸ್ ಆಗಿ ಒಂದ್ಸಲ ಹತ್ತಿ ಒಂದ್ಸಲ ಹತ್ತಲ್ಲ, ಎರಡೂ 3 ವೋಲ್ಟೇ ಅಂತ ಮೋಸ ಹೋಗ್ಬೇಡಿ. ಮನೇಲಿ ಟೇಬಲ್ ಮೇಲೆ ಇಟ್ಕೊಂಡು ಮಾಡಿದಾಗ ನಾಲ್ಕು ನಿಮಿಷ. ಚಪ್ಪಟೆ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ರಿಮೋಟ್ ಬಿಡಿಸಿ, ಹಳೇ ಸೆಲ್ ಯಾವ ಮಗ್ಗುಲಲ್ಲಿ ಕೂತಿತ್ತು ಅಂತ ಒಂದು ಫೋಟೋ ತೆಗೆದಿಟ್ಕೊಳ್ಳಿ. ಹೊರಗೆ ನಿಂತು, ಕತ್ಲಲ್ಲಿ, ಸ್ಕ್ರೂಡ್ರೈವರ್ ಇಲ್ದೇ ಉಗುರಲ್ಲಿ ಮಾಡೋಕೆ ಹೋದ್ರೆ ಗೊತ್ತಾಗುತ್ತೆ ಇದರ ಹಣೆಬರಹ. ಆದ್ರೆ ಬಾಗಿಲು ತೆಗೆದ್ರೂ ಅಲಾರಂ ಇಲ್ಲ, ಡಿಕ್ಕಿನೂ ತೆಗೆಯುತ್ತೆ, ಎಲ್ಲ ಮೊದಲಿನ ಥರ. ಕೀ ಹಾಕಿದ್ರೆ ನನ್ ಕಾರಲ್ಲಿ ಡ್ರೈವರ್ ಬಾಗಿಲು ಮಾತ್ರ. ಇನ್ನು ಚಳಿಯಲ್ಲಿ ಸೆಲ್ ಸೋತಿದ್ರೆ ಅದನ್ನ ಎರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡಿದ್ರೆ ಕೊನೇದಾಗಿ ಒಂದೆರಡು ಸಲ ಕೆಲಸ ಮಾಡೋದುಂಟು, ನನಗೆ ಒಂದ್ಸಲ ಆಗಿದೆ, ಇನ್ನೊಂದ್ಸಲ ಆಗಿಲ್ಲ.

ಫೋನ್ ಆ್ಯಪ್? ಕಾರಲ್ಲಿ ಆ ಸೌಲಭ್ಯ ಇದ್ರೆ ಎಲ್ಲಕ್ಕಿಂತ ಸುಖ, ಮನೆ ಮುಂದೆ ಅರ್ಧ ನಿಮಿಷದಲ್ಲಿ ಟಕ್ ಅಂತ ತೆಗೀತು. ಬೇಸ್‌ಮೆಂಟಲ್ಲಿ ಮಾತ್ರ ಆ್ಯಪ್ ಸುತ್ತಿದ್ದೇ ಸುತ್ತಿದ್ದು, ಯಾಕಂದ್ರೆ ಆಜ್ಞೆ ನನ್ ಫೋನಿಂದ ಇಂಟರ್ನೆಟ್ ಮೇಲೆ ಸರ್ವರ್‌ಗೆ ಹೋಗಿ ಅಲ್ಲಿಂದ ಕಾರೊಳಗಿನ ಸಿಮ್‌ಗೆ ಬರ್ಬೇಕು, ನಾನು ಮೆಟ್ಲು ಹತ್ತಿ ಮೇಲೆ ಹೋದ್ರೆ ನನಗೆ ಸಿಗ್ನಲ್ ಬರುತ್ತೆ, ಪಾಪ ಕಾರು ಮೆಟ್ಲು ಹತ್ತುತ್ತಾ? ಹ್ಯಾಂಡಲ್‌ಗೆ ಫೋನ್ ತಾಗಿಸಿ ತೆಗೆಯೋ ಡಿಜಿಟಲ್ ಕೀ ಬೇರೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ, ನನ್ ಕಾರಲ್ಲಿ ಅದಿಲ್ಲ, ಹಾಗಾಗಿ ಅದಕ್ಕೆ ಮಾರ್ಕ್ಸ್ ಕೊಡಲ್ಲ.

ಮೆಕ್ಯಾನಿಕ್ ಕರೆಸಿದ್ದು ಎರಡು ವರ್ಷದ ಹಿಂದೆ, ಹಳೇ ಕಾರಿಗೆ. ಬಾಗಿಲ ಸಂದಿಗೆ ಗಾಳಿ ತುಂಬೋ ಚೀಲ ತೂರ್ಸಿ, ಸ್ವಲ್ಪ ಅಗಲ ಮಾಡಿ, ಉದ್ದ ಸರಳು ಹಾಕಿ ಒಳಗಿನ ಲಾಕ್ ಎಳೆದ. ಕೆಲಸ ಐದು ನಿಮಿಷದ್ದು, ಅವನು ಬರೋಕೆ ಎರಡು ಗಂಟೆ. ಆಮೇಲೆ ಆ ಬಾಗಿಲ ರಬ್ಬರ್ ಸರಿಯಾಗಿ ಕೂರದೆ ಮಳೇಲಿ ಸೀಟ್ ನೆನೀತಿತ್ತು. ಇದನ್ನ ನೋಡಿ ನಾವೇ ತಂತಿ ಬಗ್ಗಿಸ್ಕೊಂಡು ಮಾಡೋಕೆ ಹೋದ್ರೆ ಬಾಗಿಲೊಳಗಿನ ವೈರಿಗೆ ಪೆಟ್ಟು ಬೀಳಬಹುದು, ಅಲ್ದೆ ಡೆಡ್‌ಲಾಕ್ ಇರೋ ಕಾರಲ್ಲಿ ಒಳಗಿನ ಹ್ಯಾಂಡಲ್ ಎಳೆದ್ರೂ ಬಾಗಿಲು ತೆಗೆಯಲ್ಲ. ಮಗುನೋ ನಾಯಿನೋ ಒಳಗೆ ಸಿಕ್ಕಿಹಾಕ್ಕೊಂಡಿದ್ರೆ ಈ ಹೋಲಿಕೆ ಎಲ್ಲ ಬಿಟ್ಟು ತುರ್ತು ಸೇವೆಗೆ ಫೋನ್ ಮಾಡಿ, ಗಾಜು ಹೋದ್ರೆ ಹೋಗ್ಲಿ.

ಸ್ಪೇರ್ ರಿಮೋಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮನೇಲಿ ಯಾರಾದ್ರೂ ಇದ್ದು ತಂದ್ಕೊಟ್ರೆ ಸರಿ, ಆದ್ರೆ ವರ್ಷಗಟ್ಲೆ ಡ್ರಾಯರಲ್ಲಿ ಬಿದ್ದಿದ್ರೆ ಅದರ ಸೆಲ್ಲೂ ಸೋತಿರಬಹುದು.

ನನ್ ಲೆಕ್ಕದಲ್ಲಿ ಕಬ್ಬಿಣದ ಕೀನೇ ಮೇಲು, ಆದ್ರೆ ಹಗಲಲ್ಲಿ ಒಂದ್ಸಲ ಮುಚ್ಚಳ ತೆಗೆದು ನೋಡಿರೋರಿಗೆ ಮಾತ್ರ, ಇಲ್ದಿದ್ರೆ ಸೆಲ್ಲೇ ವಾಸಿ. ಅಂದಹಾಗೆ ಅವತ್ತು ಬೇಸ್‌ಮೆಂಟಲ್ಲಿ ನನ್ನತ್ರ ಹೊಸ ಸೆಲ್ ಇತ್ತು, ಮುಂದಾಲೋಚನೆ ಮಾಡಿ ತಗೊಂಡಿಟ್ಟಿದ್ದೆ, ಲಾಕ್ ಆಗಿರೋ ಕಾರಿನ ಡ್ಯಾಶ್‌ಬೋರ್ಡ್ ಒಳಗೆ. ಈಗ ಪ್ಯಾಕೆಟ್ ಒಡೀದೆ ಪರ್ಸಲ್ಲಿ ಇಟ್ಕೊಂಡಿದೀನಿ.