ಕಕ್ಕಡದ ಮಳೆಯಲ್ಲಿ ಎಫ್‌ಟಿಐಆರ್: ಮೂರು ವರ್ಷ ಬಳಸಿದ ಮೇಲೆ

ಎಫ್‌ಟಿಐಆರ್ ಎಂದರೆ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನ ಯಾವ ಭಾಗವನ್ನು ಅಣುಗಳು ಹೀರುತ್ತವೆ ಎಂದು ಅಳೆಯುವ ಯಂತ್ರ. ಡೈಮಂಡ್ ಎಟಿಆರ್ (ಮಾದರಿಯನ್ನು ಮೇಲಿಟ್ಟು ಅಳೆಯುವ ವಜ್ರದ ಹರಳು) ಇರುವ ಈ ಯಂತ್ರವನ್ನು ಮಡಿಕೇರಿಯಲ್ಲಿ ಇಟ್ಟುಕೊಳ್ಳುವವರು ಮೊದಲು ಯೋಚಿಸಬೇಕಾದ್ದು ತೇವದ ಬಗ್ಗೆ. ಒಳಗೆ ಬೆಳಕನ್ನು ಎರಡಾಗಿ ಸೀಳುವ ಬೀಮ್‌ಸ್ಪ್ಲಿಟರ್ ಪೊಟ್ಯಾಸಿಯಂ ಬ್ರೋಮೈಡ್‌ನದು. ಮಳೆಗಾಲದ ಉಪ್ಪಿನ ಹಾಗೆ ನೀರೆಳೆದು ಮಸುಕಾಗುತ್ತದೆ. ಯಂತ್ರದೊಳಗೆ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಹರಳನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತದೆ ಕೈಪಿಡಿ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ನೀಲಿ ಹರಳು ಎರಡೇ ವಾರಕ್ಕೆ ತೇವ ತುಂಬಿ ಗುಲಾಬಿ. ಮಾರಿದವರು ಇದನ್ನು ಮುಂಚೆಯೇ ಹೇಳಬೇಕಿತ್ತು.

ಪೆಪ್ಟೈಡ್ (ಅಮೈನೋ ಆಮ್ಲಗಳ ಪುಟ್ಟ ಸರಪಳಿ) ನೋಡುವವರಿಗೆ ಈ ಕಾಟ ಇಮ್ಮಡಿ. ಸರಪಳಿ ಹೇಗೆ ಮಡಚಿಕೊಂಡಿದೆ ಎಂದು ಹೇಳುವ ಅಮೈಡ್-1 ಪಟ್ಟಿ ಇರುವುದು 1600ರಿಂದ 1700 ಸೆಂ.ಮೀ⁻¹ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ) ನಡುವೆ, ಗಾಳಿಯಲ್ಲಿನ ನೀರಾವಿಯ ಚೂಪು ಗೆರೆಗಳೂ ಅಲ್ಲೇ. ಬೆರೆತ ಶಿಖರಗಳನ್ನು ಬಿಡಿಸಲು ಗಣಿತದ ಸೆಕೆಂಡ್ ಡೆರಿವೇಟಿವ್ ತೆಗೆದರೆ ಆ ಗೆರೆಗಳೇ ಎದ್ದು ನಿಂತು, ಇಲ್ಲದ ಬೀಟಾ ಶೀಟನ್ನು (ಸರಪಳಿಗಳು ಪಕ್ಕಪಕ್ಕ ಹಾಳೆಯಂತೆ ಜೋಡಿದ ರಚನೆ) ತೋರಿಸುತ್ತವೆ. 1750ರಿಂದ 1850ರ ಭಾಗ ನೋಡಿ. ಅಲ್ಲಿ ಪೆಪ್ಟೈಡ್‌ನ ಅಮೈಡ್ ಪಟ್ಟಿ ಯಾವುದೂ ಇಲ್ಲ, ನೀರಾವಿ ಇದ್ದರೆ ಅದರ ಗೆರೆಗಳು ಕಾಣುತ್ತವೆ. ಆ ಭಾಗ ಸಪಾಟಾಗಿದ್ದರೆ ಮಾತ್ರ ಫಲಿತಾಂಶ ನಂಬಿ.

ಹಾಗಾಗಿ ಬೆಳಗಿನ ಕ್ರಮ ಹೀಗೆ: ಹರಳಿನ ಬಣ್ಣ ನೋಡುವುದು, ಗುಲಾಬಿಯಾದದ್ದನ್ನು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲೇ ಆರಲು ಬಿಡುವುದು. ನೂಲು ಬಿಡದ ಟಿಶ್ಯೂವಿಗೆ ನೀರು, ಆಮೇಲೆ ಎಥನಾಲ್ ಹಾಕಿ ಡೈಮಂಡ್ ಒರೆಸುವುದು. ಮುಚ್ಚಳ ಹಾಕಿ ಹದಿನೈದು ನಿಮಿಷ ಕಾದು, ಮಾದರಿ ಇಡದೆಯೇ ಬ್ಯಾಕ್‌ಗ್ರೌಂಡ್ ಅಳೆಯುವುದು, 128 ಸ್ಕ್ಯಾನ್. ಯಂತ್ರವನ್ನು ರಾತ್ರಿಯೂ ಆರಿಸಬಾರದು; ಒಳಗಿನ ಬಿಸಿ ಹೋದರೆ ತೇವ ನುಗ್ಗುತ್ತದೆ. ಇಲ್ಲಿ ಕರೆಂಟ್ ಹೋಗುವ ಪರಿ ಗೊತ್ತಲ್ಲ, ಯುಪಿಎಸ್ ಬೇಕೇ ಬೇಕು.

ಇಷ್ಟು ಮಾಡಿದ ಮೇಲೆ ಯಂತ್ರದ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಎರಡು ಮೈಕ್ರೋಲೀಟರ್ ಹನಿ ಸಾಕು. ನೈಟ್ರೋಜನ್ ಮೆಲ್ಲಗೆ ಹಾಯಿಸಿದರೆ ಹನಿ ಅಂಚಿನಿಂದ ಒಳಕ್ಕೆ ಒಣಗಿ ತೆಳುಪದರವಾಗುತ್ತದೆ. ಹೆಲಿಕ್ಸ್ (ಸುರುಳಿ ರಚನೆ) ಇದ್ದರೆ 1655ರ ಸುತ್ತ ದಿಬ್ಬ. ಪೆಪ್ಟೈಡ್‌ಗಳು ಒಂದಕ್ಕೊಂದು ಅಂಟಿದ್ದರೆ 1620ರ ಹತ್ತಿರ ಚೂಪು ಶಿಖರ, ಜೊತೆಗೆ 1690ರ ಬಳಿ ಪುಟ್ಟದೊಂದು. ಒಣಗಿಸುವುದರಿಂದಲೇ ರಚನೆ ಬದಲಾಗಬಹುದು, ಅದಕ್ಕೆ ದ್ರಾವಣದಲ್ಲೂ ನೋಡಿ. ನೀರಿನ ಸ್ವಂತ ಪಟ್ಟಿ 1645ರಲ್ಲಿ ಅಡ್ಡ ಬರುವುದರಿಂದ ನೀರಿನ ಬದಲು ಭಾರಜಲ ಬಳಸಿ; ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಗಳ ನಡುವೆ ಅಂತರ ಕಾಯಲು 50 ಮೈಕ್ರಾನ್ ಸ್ಪೇಸರ್ ಇಡಿ. ಭಾರಜಲದ ಬಾಟಲಿ ತೆರೆದಿಟ್ಟರೆ ಅದೂ ತೇವ ಕುಡಿಯುತ್ತದೆ; ಸಾಮಾನ್ಯ ನೀರು ಬೆರೆತದ್ದನ್ನು ತೋರಿಸುವ 1450ರ ಪಟ್ಟಿ ಬೆಳೆಯುತ್ತ ಹೋದರೆ ಆ ಬಾಟಲಿ ಬಿಡಿ.

1673ರ ಶಿಖರ ಕಂಡು ಯಂತ್ರವನ್ನು ಬೈಯಬೇಡಿ. ಅದು ಪೆಪ್ಟೈಡ್ ಶುದ್ಧೀಕರಿಸಿದಾಗ ಉಳಿದ ಟ್ರೈಫ್ಲೋರೋಅಸಿಟೇಟ್. 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು) ಮಾಡುವುದನ್ನು ಎರಡು ಮೂರು ಸಲ ಮಾಡಿದರೆ ಬಹುಪಾಲು ಹೋಗುತ್ತದೆ.

ಹೊಸದಾಗಿ ಕೊಳ್ಳುವವರು ಆರ್ಡರ್ ಕೊಡುವಾಗಲೇ ಜಿಂಕ್ ಸೆಲೆನೈಡ್ ಬೀಮ್‌ಸ್ಪ್ಲಿಟರ್ ಕೇಳಿ. ಬೆಳಕು ಸ್ವಲ್ಪ ಕಡಿಮೆ, ಆದರೆ ತೇವಕ್ಕೆ ಹೆದರುವುದಿಲ್ಲ.