ಮುಖ ನೋಡಿ ಬಿಪಿ ಹೇಳುವ ಆ್ಯಪ್ ನಂಬಿ ಮಾತ್ರೆ ಬಿಡಬೇಡಿ

ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಓದಿ. ಮೊಬೈಲ್ ಕ್ಯಾಮೆರಾದ ಮುಂದೆ ಅರ್ಧ ನಿಮಿಷ ಕುಳಿತರೆ ಸಾಕು, ಬಿಪಿ ಎಷ್ಟಿದೆ ಅಂತ ಹೇಳುವ ಆ್ಯಪ್‌ಗಳು ಈಗ ಜಾಸ್ತಿಯಾಗಿವೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಉಚಿತ ತಪಾಸಣೆ ಅಂತ ಬಂದವರು ಅಂಥದ್ದೇ ಒಂದನ್ನು ಅಪ್ಪನ ಫೋನಿಗೆ ಹಾಕಿಕೊಟ್ಟರು. ಯಾವತ್ತು ನೋಡಿದರೂ 120ರ ಆಸುಪಾಸು. ಬಿಪಿ ಹತೋಟಿಗೆ ಬಂತು ಅಂದುಕೊಂಡು ಅಪ್ಪ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು.

ಒಂದು ಬೆಳಿಗ್ಗೆ ವಿಪರೀತ ತಲೆನೋವು, ಕಣ್ಣು ಮಂಜು. ಕ್ಲಿನಿಕ್ಕಿನಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 190/110! ಅಲ್ಲೇ ಆ್ಯಪ್ ತೆರೆದು ನೋಡಿದೆವು. 124/80 ಅಂತ ತೋರಿಸಿತು.

ಸಂಜೆ ಆ್ಯಪ್‌ನಲ್ಲಿ ಅಪ್ಪನ ವಯಸ್ಸು 71ರ ಬದಲು 25 ಅಂತ ಹಾಕಿದೆ, ತೂಕವನ್ನೂ ಇಳಿಸಿದೆ. ಅದೇ ಮುಖ, ಅದೇ ಕುರ್ಚಿ, ಅದೇ ಬೆಳಕು. ಬಿಪಿ ತಟ್ಟನೆ 112ಕ್ಕೆ ಇಳಿಯಿತು. ನಾವು ತುಂಬಿದ ವಿವರದ ಮೇಲೆ ಅದು ಅಂದಾಜು ಕಟ್ಟುತ್ತಿತ್ತು ಅಂತಲೇ ನನಗನಿಸಿತು.

ಕ್ಯಾಮೆರಾದಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. ಹೃದಯ ಬಡಿದಾಗೆಲ್ಲ ಮುಖದ ಚರ್ಮದಡಿ ರಕ್ತ ಹೆಚ್ಚು ಕಡಿಮೆಯಾಗುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಕಣ್ಣಿಗೆ ಕಾಣದ ಈ ಏರಿಳಿತ ಸಾದಾ ಕ್ಯಾಮೆರಾಕ್ಕೂ ಸಿಗುತ್ತದೆ ಅಂತ ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ. ಒಳ್ಳೆ ಬೆಳಕಲ್ಲಿ ಅಲುಗಾಡದೆ ಕುಳಿತರೆ ನಾಡಿ ಬಡಿತ ಎಣಿಸಬಹುದು. ಚರ್ಮ ಕಪ್ಪಗಿದ್ದಷ್ಟೂ ಸಿಗುವ ಸುಳಿವು ಕಡಿಮೆ. ಆದರೆ ಬಡಿತ ಎಣಿಸುವುದು ಬೇರೆ, ರಕ್ತದ ಒತ್ತಡ ಅಳೆಯುವುದು ಬೇರೆ, ಅಲ್ವಾ?

ಅಮೆರಿಕದಲ್ಲಿ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಅಂತ ಒಂದು ಆ್ಯಪ್ ಇತ್ತು. ಅದರಲ್ಲಿ ಮುಖ ತೋರಿಸಬೇಕಿರಲಿಲ್ಲ, ಕ್ಯಾಮೆರಾ ಮೇಲೆ ಬೆರಳಿಟ್ಟು ಫೋನನ್ನು ಎದೆಗೆ ಒತ್ತಿ ಹಿಡಿಯಬೇಕಿತ್ತು. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟರು. ನಿಜಕ್ಕೂ ಬಿಪಿ ಹೆಚ್ಚಿದ್ದವರಲ್ಲಿ ನೂರಕ್ಕೆ 77ಕ್ಕೂ ಹೆಚ್ಚು ಜನರಿಗೆ ಅದು ಹೆಚ್ಚಿಲ್ಲ ಅಂತ ತೋರಿಸಿತ್ತು. ಭಯವಾಗುವುದು ಇದಕ್ಕೇ. ಸುಮ್ನೆ ಜಾಸ್ತಿ ತೋರಿಸಿದ್ದರೆ ಜನ ಡಾಕ್ಟರ ಹತ್ತಿರವಾದರೂ ಓಡುತ್ತಿದ್ದರು. ಎಲ್ಲ ಸರಿಯಿದೆ ಅಂದಾಗ ಯಾರು ಹೋಗುತ್ತಾರೆ?

ಅಪ್ಪ ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ತೋಳಿಗೆ ಕಟ್ಟುವ ಮಿಷನ್ ತಂದಿದ್ದೇವೆ. ಅದಿಲ್ಲದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ. ಅವತ್ತು ಪಾರ್ಕಿನಲ್ಲಿ ಸಾಲು ನಿಂತಿದ್ದವರೆಲ್ಲ ಅಪ್ಪನ ವಾರಿಗೆಯವರೇ. ನಿಮ್ಮ ಮನೆಯ ಹಿರಿಯರ ಫೋನಿನಲ್ಲೂ ಇಂಥ ಆ್ಯಪ್ ಇದೆಯಾ ನೋಡಿ, ಹಾಗೇ ಅವರ ಮಾತ್ರೆ ಡಬ್ಬಿಯನ್ನೂ ತೆಗೆದು ನೋಡಿ.